ಗೋಡೆ ಪಾಲು ಮಾಡಿದ ಬೇಸಿಗೆ

ಫೋನು ಇನ್ನೂ ಜೇಬಿಗಿಳಿಯದೆ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಕಾಲ ಅದು. ಯಾರ ಮನೆಗೆ ಹೋದರೂ ಫೋನಿನ ಮೇಲ್ಗಡೆ ಗೋಡೆಯಲ್ಲಿ ಪೆನ್ಸಿಲಿನಿಂದ ಗೀಚಿದ ನಂಬರುಗಳು ಇರುತ್ತಿದ್ದವು. ನಿಮ್ಮ ಮನೆಯಲ್ಲೂ ಇದ್ದಿರಬೇಕು. ಸಿಲಿಂಡರಿನವನದು, ಹಾಲಿನವನದು, ಸೋದರಮಾವನದು, ಯಾರದೋ ಗೊತ್ತಿಲ್ಲದ್ದೊಂದು. ಸುಣ್ಣ ಹೊಡೆಯುವಾಗ ಅಷ್ಟು ಜಾಗ ಬಿಟ್ಟು ಹೊಡೆಯುತ್ತಿದ್ದರು. ನಮ್ಮಪ್ಪನ ಅಂಗಡಿಯಲ್ಲಿ ಮಾತ್ರ ಅದು ಮೂಲೆಯ ಗೀಚಾಗಿರಲಿಲ್ಲ. ನೆಲದಿಂದ ಅಪ್ಪನ ಕೈ ಎಟಕುವವರೆಗೆ ಇಡೀ ಒಂದು ಗೋಡೆ ಹೆಸರು, ನಂಬರುಗಳಿಂದ ತುಂಬಿತ್ತು.

ನಮ್ಮದು ಐಮಂಗಲ. ಹೈವೇ ಪಕ್ಕದಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಸೇರಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ರೈತರು ಸುಟ್ಟುಹೋದ ಪಂಪ್‌ಸೆಟ್ ಮೋಟಾರು ತಂದು ಇಳಿಸುತ್ತಿದ್ದರು. ಇವರು ಅದರೊಳಗಿನ ಕರಿ ತಂತಿಯನ್ನೆಲ್ಲ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹುಯ್ದು ಬಿಸಿಲಿಗೆ ಒಣಗಲು ಇಡುತ್ತಿದ್ದರು. ಬೇಸಿಗೆ ರಜ ಬಂತೆಂದರೆ ನನ್ನ ವಾಸ ಅಲ್ಲೇ. ಹಳೇ ಬೇರಿಂಗ್ ಒಡೆದರೆ ಒಳಗಿಂದ ಹೊಳೆಯುವ ಉಕ್ಕಿನ ಗುಂಡುಗಳು ಉದುರುತ್ತಿದ್ದವು. ಗಾಜಿನ ಗೋಲಿ ಇಟ್ಟುಕೊಂಡು ಮೆರೆಯುತ್ತಿದ್ದ ಬೀದಿಯ ಗಂಡುಹುಡುಗರೆಲ್ಲ ನನ್ನ ಬೇರಿಂಗ್ ಗುಂಡಿಗೆ ಹೆದರುತ್ತಿದ್ದರು. ಒಂದೇ ಏಟಿಗೆ ಗೋಲಿ ಎರಡು ಹೋಳು. ಸಂಜೆ ಮನೆಗೆ ಹೋದರೆ ಅಮ್ಮ ನನ್ನ ತಲೆ ಮೂಸಿ ನೋಡಿ, "ಹೆಣ್ಣುಹುಡುಗಿ ಮೈಯೆಲ್ಲ ವಾರ್ನಿಷ್ ವಾಸ್ನೆ. ನಿನ್ನ ಯಾವನು ಮದ್ವೆ ಆಗ್ತಾನೆ?" ಅನ್ನುತ್ತಿದ್ದಳು. ಆದ, ಒಬ್ಬ ಆದ. ಆ ವಿಷಯ ಇಲ್ಲಿ ಬೇಡ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಅಪ್ಪ ಅದರ ಮೇಲೆ ಅಕಾರಾದಿಯಲ್ಲಿ ಬರೆದಿರಲಿಲ್ಲ, ಊರಿನ ಪ್ರಕಾರವೂ ಬರೆದಿರಲಿಲ್ಲ. ಗುಂಪು ಗುಂಪಾಗಿ ಬರೆದಿದ್ದ. ಪ್ರತಿ ಗುಂಪಿಗೂ ಮೇಲೆ ದಪ್ಪ ಅಕ್ಷರದ ತಲೆಬರಹ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಕರೆಂಟು ಎಳೆದುಕೊಂಡವರದ್ದು ಒಂದು ಗುಂಪು, ಅದರ ಹೆಸರು 'ಬೇವಿನಮರದ ಟಿಸಿ'. ಇನ್ನೊಂದು 'ಕೆರೆಕೋಡಿ ಟಿಸಿ'. ಒಬ್ಬನ ಮೋಟಾರು ಸುಟ್ಟಿತೆಂದರೆ ಅಪ್ಪ ಆ ಟಿಸಿಯ ಉಳಿದವರಿಗೆಲ್ಲ ಫೋನು ಮಾಡಿ, "ಇವತ್ತು ಆನ್ ಮಾಡ್ಬೇಡ್ರಿ, ವೋಲ್ಟೇಜ್ ಸರಿ ಇಲ್ಲ" ಅನ್ನುತ್ತಿದ್ದ. ಆಮೇಲೆ 'ಪದೇ ಪದೇ ಸುಡೋರು', 'ಕಿವಿ ಮಂದ', 'ಹೆಂಡ್ರನ್ನ ಕೇಳ್ಬೇಕಾದೋರು', 'ನಾಯಿ ಇರೋರು'. ನಾಯಿ ಇರೋರು ಯಾಕೆಂದರೆ, ಅಂಥವರ ತೋಟಕ್ಕೆ ಹೋಗುವ ಮುಂಚೆ ಫೋನು ಮಾಡಿ ನಾಯಿ ಕಟ್ಟಿಸಬೇಕಿತ್ತು. ಚಿಕ್ಕಪ್ಪನ ಹಿಮ್ಮಡಿಯಲ್ಲಿ ಅದಕ್ಕೆ ಸಾಕ್ಷಿ ಇತ್ತು.

ಗೋಡೆಯ ನಡುಮಧ್ಯೆ, ಸರಿಯಾಗಿ ಫೋನಿನ ನೆತ್ತಿಯ ಮೇಲೆ, ಒಂದು ಸಣ್ಣ ಗುಂಪಿತ್ತು. ತಲೆಬರಹ 'ಕರೀದೆ ಬಂದೋರು'.

ಅದು ಹುಟ್ಟಿದ್ದು ಹೀಗೆ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಹೊರಕೆರೆದೇವಪುರದ ಹತ್ತಿರ ಒಂದು ತೋಟದಲ್ಲಿ ಸ್ಟಾರ್ಟರ್ ಬಿಚ್ಚುವಾಗ ಕರೆಂಟು ಹೊಡೆಸಿಕೊಂಡ. ಬದುಕಿದ್ದೇ ಹೆಚ್ಚು. ಎಡಗೈಯ ಎರಡು ಬೆರಳು ಕೊನೆಗೂ ಮಡಚಲಿಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅವನು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಅಪ್ಪ ಹೊರಗೆ ಜಗಲಿಯಲ್ಲಿ ಕೂತಿದ್ದನಂತೆ. ನೆಂಟರಿಗೆ ಹೇಳಿ ಕಳಿಸಿದ್ದರು. ಬರುವವರು ಬಂದರು, ನೋಡಿದರು, ಹೋದರು. ಆದರೆ ಯಾರೂ ಹೇಳಿ ಕಳಿಸದ ಕೆಲವರು ಬಂದು ಕೂತರು. ಭರಮಸಾಗರದ ಓಬಳಪ್ಪ ಎಂಬಾತ, ಯಾವತ್ತೋ ಒಂದು ಸಲ ಮೋಟಾರು ಕಟ್ಟಿಸಿಕೊಂಡು ಹೋಗಿದ್ದವನು, ಬಸ್ಸಿನ ಕಂಡಕ್ಟರ್ ಬಾಯಲ್ಲಿ ಸುದ್ದಿ ಕೇಳಿ ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಬಂದ. ಚಿಕ್ಕಪ್ಪ ಕಣ್ಣು ಬಿಡುವವರೆಗೂ ದಿನಾ ಬಂದ. ನಮ್ಮ ಅಂಗಡಿ ಎದುರು ಟೀ ಹೋಟೆಲ್ ಇಟ್ಟಿದ್ದ ಜಯಮ್ಮ ಹೋಟೆಲಿಗೆ ಬೀಗ ಹಾಕಿ ಬಂದಳು. ಹೊಸದುರ್ಗ ಕಡೆಯ ಟ್ರ್ಯಾಕ್ಟರ್ ರುದ್ರಣ್ಣ ಬಂದ. ಇನ್ನೂ ಕೆಲವರು. ಚಿಕ್ಕಪ್ಪನನ್ನು ಮನೆಗೆ ಕರೆತಂದ ಮೇಲೆ ಅಪ್ಪ ಅಂಗಡಿಗೆ ಹೋಗಿ ಮಾಡಿದ ಮೊದಲ ಕೆಲಸವೆಂದರೆ ಇವರ ಹೆಸರುಗಳನ್ನು ಗೋಡೆಯ ಮಧ್ಯೆ ಬರೆದದ್ದು. ಫೋನಿಲ್ಲದವರಿಗೆ ಪಕ್ಕದ ಮನೆಯದೋ ಕಿರಾಣಿ ಅಂಗಡಿಯದೋ ನಂಬರು.

ನಾನು ಒಮ್ಮೆ ಕೇಳಿದ್ದೆ. "ಅಪ್ಪ, ಅವರು ಕರೀದೇನೆ ಬರ್ತಾರಲ್ಲ, ಮತ್ತೆ ನಂಬರು ಯಾಕೆ?"

ಅಪ್ಪ ತಂತಿ ಸುತ್ತುತ್ತಲೇ ಹೇಳಿದ. "ಅವರನ್ನ ಕರಿಯಾಕಲ್ಲ ಕಣೆ. ನಾಳೆ ಅವರ ಮನೇಲಿ ಏನಾದ್ರೂ ಆದ್ರೆ ನಾವೂ ಕರೀದೆ ಹೋಗ್ಬೇಕಲ್ಲ. ಯಾವಾಗ ಹೋಗ್ಬೇಕು ಅಂತ ಗೊತ್ತಾಗದು ಹೆಂಗೆ? ಆಗಾಗ ಫೋನ್ ಮಾಡಿ ದನಿ ಕೇಳಿದ್ರೆ ಗೊತ್ತಾಗ್ತೈತೆ."

ಹಾಗೇ ಮಾಡುತ್ತಿದ್ದ. ಭಾನುವಾರ ಸಂಜೆ ಕೈ ತೊಳೆದುಕೊಂಡು ಫೋನಿನ ಮುಂದೆ ಕೂರುತ್ತಿದ್ದ. "ಓಬಳಪ್ಪಣ್ಣ, ಮಳೆ ಬಂತೇನು?" ಅನ್ನುತ್ತಿದ್ದ. ಆ ಕಡೆಯಿಂದ ಏನೋ ಉತ್ತರ. "ಹೂಂ, ಇಲ್ಲೂ ಇಲ್ಲ" ಅಂದು ಇಟ್ಟುಬಿಡುತ್ತಿದ್ದ. ಅಷ್ಟೇ ಮಾತು. ಬಿಲ್ಲು ನೋಡಿ ಅಮ್ಮ ಗೊಣಗುತ್ತಿದ್ದಳು, ಮಳೆ ಬಂದಿಲ್ಲ ಅನ್ನೋದು ಕಿಟಕಿ ತೆಗೆದರೆ ಗೊತ್ತಾಗಲ್ವೇ ಎಂದು.

ಹೈವೇ ಅಗಲ ಮಾಡುತ್ತಾರೆ ಎಂದು ಬಹಳ ದಿನದಿಂದ ಮಾತಿತ್ತು. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ನಿಜವಾಗಿಯೂ ಬಂದು ಅಳತೆ ಹಿಡಿದು ಗೂಟ ಹೊಡೆದರು. ಗೂಟ ನಮ್ಮ ಅಂಗಡಿಯ ಬೆನ್ನ ಹಿಂದೆ ಬಿತ್ತು. ಅಂದರೆ ಅಂಗಡಿ ಪೂರ್ತಿ ರಸ್ತೆಗೆ. ಅದೇ ಹೊತ್ತಿಗೆ ಚಿಕ್ಕಮ್ಮನ ತವರಿನವರು ಹೊಸದುರ್ಗದಲ್ಲಿ ಒಂದು ಮಳಿಗೆ ಖಾಲಿ ಇದೆ, ಅಲ್ಲಿಗೆ ಬನ್ನಿ ಎಂದರು. ಅಪ್ಪನಿಗೆ ಹಿರಿಯೂರಿನಲ್ಲಿ ಒಂದು ಸಣ್ಣ ಜಾಗ ಸಿಕ್ಕಿತು. ಜಗಳವಾಗಿ ಬೇರೆಯಾದದ್ದಲ್ಲ. ಇಬ್ಬರಿಗೂ ಒಂದೇ ಕಡೆ ಜಾಗ ಸಿಗಲಿಲ್ಲ, ಅಷ್ಟೇ. ಆದರೂ ಚಿಕ್ಕಪ್ಪ ಹೊಸದುರ್ಗದ ವಿಷಯ ಹೇಳಿದ ದಿನ ಅಪ್ಪ ಮುದ್ದೆ ಅರ್ಧಕ್ಕೆ ಬಿಟ್ಟು ಎದ್ದದ್ದು ನನಗೆ ನೆನಪಿದೆ. ಹುರುಳಿಕಾಳಿನ ಬಸ್ಸಾರು ಮಾಡಿದ್ದ ದಿನ ಅಪ್ಪ ಹಾಗೆ ಎದ್ದವನಲ್ಲ.

ಸಾಮಾನು ಪಾಲಾಗುವಾಗ ಒಂದು ಮಾತು ಹೆಚ್ಚುಕಡಿಮೆ ಬರಲಿಲ್ಲ. ತಂತಿ ಸುತ್ತುವ ಮಿಷನ್ "ನೀನೇ ಇಟ್ಕ" ಎಂದು ಅಪ್ಪ, ಚೈನ್ ಪುಲ್ಲಿ "ನಿನಗೇ ಬೇಕಾಗ್ತೈತೆ" ಎಂದು ಚಿಕ್ಕಪ್ಪ. ಎತ್ತಿಡುವುದೇ ತಡವಾಯಿತು. ಕೊನೆಗೆ ಉಳಿದದ್ದು ಗೋಡೆ. ಗೋಡೆಯನ್ನು ಹೊತ್ತುಕೊಂಡು ಹೋಗಲಾಗುವುದಿಲ್ಲ. ಗಿರಾಕಿಗಳನ್ನು ಬರೆದುಕೊಳ್ಳಬೇಕು, ಯಾರು ಯಾರಿಗೆ ಎಂದು ತೀರ್ಮಾನವೂ ಆಗಬೇಕು.

ಚಿಕ್ಕಪ್ಪ ಯಾವುದೋ ಪೈಪ್ ಕಂಪನಿಯವರು ಕೊಟ್ಟಿದ್ದ ಡೈರಿ ತಂದ. ಪಕ್ಕದಲ್ಲಿ ಅಕ್ಷರಗಳ ಮೆಟ್ಟಿಲು ಮೆಟ್ಟಿಲು ಇರುವ ಡೈರಿ. ಹೆಸರಿನ ಪ್ರಕಾರ ಬರೆದುಬಿಟ್ಟರೆ ಸಲೀಸು ಎಂದು ಅವನ ವಾದ. ಶುರು ಮಾಡಿದ. 'ತ' ಪುಟ ಸ್ವಲ್ಪ ಹೊತ್ತಿನಲ್ಲೇ ತುಂಬಿ ಅಂಚಿಗೆಲ್ಲ ಏರಿತು. ನಮ್ಮ ಕಡೆ ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಿಪ್ಪೇಸ್ವಾಮಿ ಎಂದು ಕೂಗಿದರೂ ನಾಲ್ಕು ಜನ ತಿರುಗುತ್ತಾರೆ. ನಮ್ಮಪ್ಪನ ಹೆಸರೂ ತಿಪ್ಪೇಸ್ವಾಮಿಯೇ. ಉಳಿದವರು ರಂಗಸ್ವಾಮಿಗಳು, ಓಬಳೇಶರು.

"ಅಣ್ಣ, ಇದು ಯಾವ ತಿಪ್ಪೇಸ್ವಾಮಿ?"

"ಗೋಡೆ ಮೇಲೆ ಎಲ್ಲಿದ್ದ?"

"ನಾಯಿ ಇರೋರಲ್ಲಿ."

"ಹಂಗಾದ್ರೆ ಕರಿ ನಾಯಿ ತಿಪ್ಪೇಸ್ವಾಮಿ. ಅವನು ಕೆರೆಕೋಡಿ ಟಿಸಿಲೂ ಅವ್ನೆ, ಹೆಂಡ್ರನ್ನ ಕೇಳ್ಬೇಕಾದೋರಲ್ಲೂ ಅವ್ನೆ. ಅದನ್ನೆಲ್ಲ ಯಾವ ಅಕ್ಷರಕ್ಕೆ ಬರ್ಕಂತೀಯ?"

ಡೈರಿ ಅಲ್ಲಿಗೇ ನಿಂತಿತು. ಅದರಲ್ಲಿ ಉಳಿದ ಹಾಳೆಗಳಲ್ಲಿ ನಾನು ಆ ವರ್ಷ ಚಿತ್ರ ಬರೆದೆ.

ಆಮೇಲೆ ರಸ್ತೆಯ ಪ್ರಕಾರ ಹಂಚಿಕೊಳ್ಳೋಣವೆಂದರು. ಹೊಸದುರ್ಗ, ಹೊಳಲ್ಕೆರೆ ಕಡೆಯದು ಚಿಕ್ಕಪ್ಪನಿಗೆ. ಹಿರಿಯೂರು, ಚಿತ್ರದುರ್ಗದ ಕಡೆಯದು ಅಪ್ಪನಿಗೆ. ಅದೂ ನಡೆಯಲಿಲ್ಲ. ಮನೆ ಒಂದು ಕಡೆ ಇದ್ದವನ ತೋಟ ಇನ್ನೊಂದು ಕಡೆ. ಒಬ್ಬನ ನಾಯಿ ಅಪ್ಪನ ಪಾಲಿಗೆ ಬಂದು ಮೋಟಾರು ಚಿಕ್ಕಪ್ಪನ ಪಾಲಿಗೆ ಹೋಯಿತು. "ಕಚ್ಚಿಸ್ಕಳಾಕೆ ನಾನು, ಕಟ್ಟಾಕೆ ನೀನಾ?" ಎಂದು ಅಪ್ಪ ಅಂದಾಗ ಹಿಂಬಾಗಿಲ ಹೊರಗೆ ಹುಣಸೆಹಣ್ಣು ಕುಟ್ಟುತ್ತಿದ್ದ ಅಜ್ಜಿ ನಕ್ಕಳು.

ಅಜ್ಜಿ ಬೇಸಿಗೆ ಪೂರ್ತಿ ಹುಣಸೆ ಬಿಡಿಸುತ್ತಿದ್ದಳು. ಮನೆ ಬಿಸಿಯೆಂದು ಆ ವರ್ಷ ಅಂಗಡಿಯ ಹಿಂದಿನ ನೆರಳಿಗೇ ಚೀಲ ತರಿಸಿಕೊಂಡಿದ್ದಳು. ಬೀಜ ನನಗೆ, ಚೌಕಾಬಾರ ಆಡಲು. ಅವಳು ಕೈಯೊರೆಸಿಕೊಂಡು ಎದ್ದು ಬಂದು ಗೋಡೆಯ ಮುಂದೆ ನಿಂತಳು. ಓದಲು ಬರುತ್ತಿರಲಿಲ್ಲ. ಆದರೆ ಯಾವ ಗುಂಪು ಎಲ್ಲಿದೆ ಎಂದು ಅವಳಿಗೂ ಗೊತ್ತಿತ್ತು.

"ನಿಮ್ಮಪ್ಪ ಹೊಲ ಭಾಗ ಆದಾಗ ಏನು ಮಾಡಿದ್ದು? ಹಂಗೇ ಮಾಡ್ರಲೇ. ದೊಡ್ಡೋನು ಎರಡು ಭಾಗ ಮಾಡ್ಲಿ. ಚಿಕ್ಕೋನು ಬಂದು ತನಗೆ ಬೇಕಾದ್ದು ಮುಟ್ಲಿ. ಮುಟ್ಟಿದ ಮೇಲೆ ಇಬ್ರೂ ಬಾಯಿ ಮುಚ್ಕಂಡು ಇರ್ಬೇಕು."

ಇದು ನಮ್ಮ ಕಡೆಯ ಪದ್ಧತಿ. ಭಾಗ ಮಾಡುವವನಿಗೆ ಆರಿಸುವ ಹಕ್ಕಿಲ್ಲ, ಆರಿಸುವವನಿಗೆ ಭಾಗ ಮಾಡುವ ಹಕ್ಕಿಲ್ಲ. ಹಾಗಾಗಿ ಮಾಡುವವನು ಮೋಸ ಮಾಡಲಾರ ಎಂದು ಲೆಕ್ಕ. ಅಜ್ಜಿ ಒಂದು ತೆಂಗಿನಚಿಪ್ಪಿನಲ್ಲಿ ಕೆಮ್ಮಣ್ಣು, ಇನ್ನೊಂದರಲ್ಲಿ ಇದ್ದಿಲಪುಡಿ ಕಲಸಿ ಕೊಟ್ಟಳು. ಒಂದು ಭಾಗಕ್ಕೆ ಕೆಂಪು ಬೊಟ್ಟು, ಇನ್ನೊಂದಕ್ಕೆ ಕರಿ ಬೊಟ್ಟು. ಗುಂಪು ಒಡೆಯುವ ಹಾಗಿಲ್ಲ. ಗುಂಪಿಗೆ ಗುಂಪೇ ಒಂದು ಕಡೆ. ಎರಡರಲ್ಲೂ ಹೆಸರಿದ್ದವನು ಎರಡೂ ಕಡೆ ಹೋಗಲಿ, ಅವನ ಹಣೆಬರಹ.

ಅಪ್ಪ ಆ ದಿನ ಚಿಪ್ಪು ಮುಟ್ಟಲಿಲ್ಲ. ಯೋಚನೆ ಮಾಡಿದ. ಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಮಂಜ ಎಂದರೆ ನಮ್ಮ ಚಿಕ್ಕಪ್ಪ.

"ಹೊಸದುರ್ಗದ ತೆಂಗಿನ ತೋಟದೋರು, ಪದೇ ಪದೇ ಸುಡೋರು, ಎಲ್ಲಾ ಟಿಸಿಗಳು, ಅಷ್ಟೂ ಕೆಂಪಿಗೆ ಹಾಕ್ತೀನಿ. ಮಂಜ ಕಣ್ಣು ಮುಚ್ಕಂಡು ಅದನ್ನೇ ಮುಟ್ತಾನೆ. ಹೊಸ ಅಂಗಡಿ, ಅವನಿಗೆ ಗಿರಾಕಿ ಬೇಕಲ್ಲ. ಕರಿ ಕಡೆ ನಾಯಿ, ಕಿವುಡು, ಅವರ ಜೊತೆ ಕರೀದೆ ಬಂದೋರನ್ನ ಇಡ್ತೀನಿ. ಅವರು ನನಗೆ ಉಳೀತಾರೆ."

"ಅವರಿಗೋಸ್ಕರ ಇರೋ ಗಿರಾಕಿನೆಲ್ಲ ಬಿಟ್ಟುಕೊಡ್ತೀರಾ?"

"ಮೋಟಾರ್ ಸುಡದು ನಿಲ್ಲಲ್ಲ ಕಣೆ. ಗಿರಾಕಿ ಬರ್ತಾರೆ. ಅಂಥೋರು ಎಲ್ಲಿಂದ ಬರ್ತಾರೆ?"

ನನಗೆ ಅಪ್ಪನ ಜಾಣತನ ಕಂಡು ಬಹಳ ಹೆಮ್ಮೆಯಾಯಿತು.

ಬೆಳಗ್ಗೆ ಅಪ್ಪ ಬೊಟ್ಟು ಇಟ್ಟ. ಚಿಪ್ಪು ಹಿಡಿದುಕೊಂಡಿದ್ದವಳು ನಾನು. ಒಂದೊಂದು ಹೆಸರಿನ ಪಕ್ಕಕ್ಕೂ ಬೆರಳದ್ದಿ ಒತ್ತುತ್ತ ಹೋದ. ಗೋಡೆಯ ಮುಕ್ಕಾಲು ಭಾಗ ಕೆಂಪಾಯಿತು. ಚಿಕ್ಕಪ್ಪ ಹೊರಗೆ ಬೇವಿನ ನೆರಳಲ್ಲಿ ಬೀಡಿ ಸೇದುತ್ತಿದ್ದ. ಅಜ್ಜಿ ಕರೆದಳು. ಒಳಗೆ ಬಂದವನು ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಮಡಚಲಾರದ ಬೆರಳಿನ ಎಡಗೈ ಎತ್ತಿ, ಫೋನಿನ ಮೇಲಿದ್ದ ಓಬಳಪ್ಪನ ಹೆಸರಿನ ಪಕ್ಕದ ಕರಿ ಬೊಟ್ಟನ್ನು ಮುಟ್ಟಿದ.

ಅಪ್ಪನ ಮುಖ ನೋಡಬೇಕಿತ್ತು.

"ಲೇ ಮಂಜ, ಸರಿಯಾಗಿ ನೋಡ್ಲೇ. ಕರೀದ್ರಲ್ಲಿ ಏನೂ ಇಲ್ಲ. ಹೊಸದುರ್ಗದೋರೆಲ್ಲ ಕೆಂಪಲ್ಲಿ ಅವ್ರೆ."

"ನೋಡಿದೆ ಅಣ್ಣ. ನನಗೆ ಕರೀದೇ ಸಾಕು."

"ಗಿರಾಕಿ ಇಲ್ದೆ ಹೊಸ ಊರಲ್ಲಿ ಏನು ಮಾಡ್ತೀಯ?"

"ನೀನು ಹಿರಿಯೂರಲ್ಲಿ ಏನು ಮಾಡ್ತಿದ್ಯೋ ಅದನ್ನೇ. ನನ್ನ ಜೀವಕ್ಕೆ ಅಂತ ಬಂದೋರು ಅವರು. ಅವರನ್ನ ಬಿಟ್ಟು ಹೋಗಾಕೆ ಆಗಲ್ಲ."

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಜೀವಕ್ಕೆ ಬಂದ್ರು, ಸರಿ. ನಿನಗೇನು ಗೊತ್ತಿತ್ತು? ಕಣ್ಣು ಮುಚ್ಕಂಡು ಮಲಗಿದ್ದೆ. ಯಾರು ಬಂದ್ರು, ಯಾರು ಕುಂತ್ರು, ಯಾರು ಬಾಯಿಗೆ ರೊಟ್ಟಿ ಇಟ್ರು, ನೋಡಿದೋನು ನಾನು. ನೀನು ಉಳೀತೀಯೋ ಇಲ್ವೋ ಅಂತ ಕುಂತಿದ್ದೋನು ನಾನು. ಅವರು ಬಂದಿದ್ದು ನನ್ನ ಹತ್ರ."

"ಮುಟ್ಟಿದ ಮೇಲೆ ಬಾಯಿ ಮುಚ್ಚಬೇಕು ಅಂದಿದ್ದೆ" ಎಂದಳು ಅಜ್ಜಿ.

ಇಬ್ಬರೂ ಮುಚ್ಚಿದರು. ಎಷ್ಟು ಚೆನ್ನಾಗಿ ಮುಚ್ಚಿದರೆಂದರೆ ಅಂಗಡಿ ಒಡೆಯುವ ದಿನದವರೆಗೂ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಒಂದೇ ಮೋಟಾರಿನ ಆ ಕಡೆ ಅವನು, ಈ ಕಡೆ ಇವನು. "ನಿಮ್ಮ ಚಿಕ್ಕಪ್ಪಂಗೆ ಸ್ಪ್ಯಾನರ್ ಕೊಡಾಕೆ ಹೇಳು" ಎಂದು ಅಪ್ಪ ನನಗೆ ಹೇಳುವುದು. ಚಿಕ್ಕಪ್ಪನಿಗೆ ಅದು ಕೇಳಿಸಿ ಸ್ಪ್ಯಾನರ್ ಆಗಲೇ ಕೈಯಲ್ಲಿ ಹಿಡಿದಿರುತ್ತಿದ್ದ, ಆದರೂ ನಾನು ಹೇಳುವವರೆಗೆ ಕೊಡುತ್ತಿರಲಿಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಯಮ್ಮನ ಹೋಟೆಲಿಗೆ ಒಯ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸುತ್ತಿದ್ದ ಚಿಕ್ಕಪ್ಪ ಅವನು. ಹೊಸದುರ್ಗಕ್ಕೆ ಹೋದ ಮೇಲೆ ನಡುವೆ ಸ್ಪ್ಯಾನರ್ ಕೊಡಿಸಲು ನಾನೂ ಇರುವುದಿಲ್ಲ ಎಂದು ಒಂದು ದಿನ ಹೊಳೆಯಿತು. ಆಮೇಲೆ ನಗು ಬರಲಿಲ್ಲ. ಆ ಸಂಜೆ ನನ್ನ ಬೇರಿಂಗ್ ಗುಂಡುಗಳನ್ನೆಲ್ಲ ಪಕ್ಕದ ಮನೆ ಹುಡುಗರಿಗೆ ಸೋತೆ, ಬೇಜಾರೂ ಆಗಲಿಲ್ಲ.

ಭಾನುವಾರ ಅಪ್ಪ ಕೈ ತೊಳೆದುಕೊಂಡು ಅಭ್ಯಾಸಬಲದಿಂದ ಫೋನಿನ ಮುಂದೆ ಕೂತ. ಗೋಡೆ ನೋಡಿದ. ಕರಿ ಬೊಟ್ಟು ಕಂಡಿತು. ಎದ್ದು ಹೋದ. ಮರು ಭಾನುವಾರವೂ ಹಾಗೇ. ಚಿಕ್ಕಪ್ಪನಾದರೂ ಮಾಡಿದನೇ ಎಂದರೆ ಅವನೂ ಮಾಡಲಿಲ್ಲ. ಅವನಿಗೆ ಆ ಅಭ್ಯಾಸವಿರಲಿಲ್ಲ, ಮಳೆ ಬಂತಾ ಎಂದು ಕೇಳಲು ನಾಚಿಕೆ.

ಒಡೆಯುವ ಹಿಂದಿನ ದಿನದವರೆಗೂ ಭಾರದ ಸಾಮಾನು ಅಂಗಡಿಯಲ್ಲೇ ಇತ್ತು. ಎತ್ತಲು ಜನ ಬೇಕು. ಅಮ್ಮ ಕೇಳಿದಳು, ಯಾರಿಗಾದರೂ ಫೋನು ಮಾಡಿದಿರಾ ಎಂದು. "ಅವರು ಈಗ ನನ್ನೋರಲ್ಲ, ಹೆಂಗೆ ಕರೀಲಿ?" ಎಂದ ಅಪ್ಪ. ಆ ಕಡೆ ಚಿಕ್ಕಪ್ಪ ಚಿಕ್ಕಮ್ಮನಿಗೆ, "ಪಾಲಿಗೆ ಬಂದ ತಕ್ಷಣ ಮೋಟಾರ್ ಹೊರ್ರಿ ಅಂತ ಕರೆಯಾಕಾಗ್ತೈತಾ?" ಎಂದನಂತೆ. ಇಬ್ಬರೂ ಕರೆಯಲಿಲ್ಲ.

ಬೆಳಗ್ಗೆ ಅಂಗಡಿಗೆ ಹೋಗಿ ನೋಡಿದರೆ ಓಬಳಪ್ಪಜ್ಜ ಆಗಲೇ ಬಾಗಿಲ ಮುಂದೆ ಕುಕ್ಕುರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ರೊಟ್ಟಿ ಗಂಟು. ಮೊದಲ ಬಸ್ಸಿಗೆ ಬಂದಿದ್ದನಂತೆ. "ಎರಡು ಭಾನುವಾರ ಆಯ್ತು, ನೀನು ಮಳೆ ಕೇಳ್ಲಿಲ್ಲ. ಏನೋ ಆಗೈತೆ ಅಂತ ಬಂದೆ" ಎಂದ ಅಪ್ಪನಿಗೆ. ಜಯಮ್ಮ ಟೀ ಕೆಟಲ್ ಹಿಡಿದು ರಸ್ತೆ ದಾಟಿ ಬಂದಳು. ಅವಳ ಹೋಟೆಲನ್ನೂ ಅವತ್ತೇ ಒಡೆಯುವುದಿತ್ತು, ಆದರೂ ಬಂದಳು. ರುದ್ರಣ್ಣನ ಟ್ರ್ಯಾಕ್ಟರು ಬಂತು. ಯಾರದು ಯಾವ ಸಾಮಾನು ಎಂದು ಕೇಳದೆ ಎಲ್ಲವನ್ನೂ ಒಂದೇ ಟ್ರೇಲರಿಗೆ ತುಂಬತೊಡಗಿದರು. ಬೇರೆ ಬೇರೆ ಇಡ್ರಿ ಎನ್ನಲು ಅಪ್ಪನಿಗೂ ಬಾಯಿ ಬರಲಿಲ್ಲ, ಚಿಕ್ಕಪ್ಪನಿಗೂ ಬರಲಿಲ್ಲ.

ಎಲ್ಲ ಖಾಲಿಯಾಗಿ ಗೋಡೆ ಪೂರ್ತಿ ಕಂಡಾಗ ಓಬಳಪ್ಪಜ್ಜ ನನ್ನನ್ನು ಕೇಳಿದ. "ಇದೇನವ್ವ, ಗೋಡೆಗೆಲ್ಲ ಸಿಡುಬು ಎದ್ದಂಗೆ?"

"ಪಾಲಾಗೈತಜ್ಜ. ಕೆಂಪು ಅಪ್ಪಂದು, ಕರಿ ಚಿಕ್ಕಪ್ಪಂದು."

"ನಾನು ಎಲ್ಲಿದ್ದೀನಿ?"

ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ, ಆದರೆ ಬಣ್ಣ ಕಾಣುತ್ತಿತ್ತು. "ತಿಪ್ಪೇಸ್ವಾಮಿ" ಎಂದು ಅಪ್ಪನನ್ನು ಕರೆದ. ದನಿ ಗಡುಸಾಗಿತ್ತು. "ನಮ್ಮನ್ನ ಒಂದು ಮಾತು ಕೇಳಿ ಪಾಲು ಮಾಡಿದ್ರೇನಪ್ಪ? ನಾವೇನು ನಿಮ್ಮಪ್ಪ ಮಾಡಿಟ್ಟ ಹೊಲನಾ?"

ಅಪ್ಪ ನೆಲ ನೋಡಿದ. ಚಿಕ್ಕಪ್ಪನೂ ನೆಲ ನೋಡಿದ.

ಗೋಡೆಯ ಬುಡದಲ್ಲಿ ಕೆಮ್ಮಣ್ಣಿನ ಚಿಪ್ಪು ಒಣಗಿ ಬಿದ್ದಿತ್ತು. ಓಬಳಪ್ಪಜ್ಜ ಅದಕ್ಕೆ ಚೊಂಬಿನ ನೀರು ಚಿಮುಕಿಸಿ, ಹೆಬ್ಬೆರಳಿಂದ ತಿಕ್ಕಿ, ತನ್ನ ಹೆಸರಿನ ಕರಿ ಬೊಟ್ಟಿನ ಪಕ್ಕ ಒಂದು ಕೆಂಪು ಬೊಟ್ಟು ಒತ್ತಿದ. ಜಯಮ್ಮ, "ನಂದೆಲ್ಲೈತೆ ತೋರ್ಸೆ ಹುಡುಗಿ" ಎಂದು ಬಂದು ತಾನೂ ಒತ್ತಿದಳು. ರುದ್ರಣ್ಣ ಗ್ರೀಸ್ ಕೈಯಲ್ಲೇ ಒತ್ತಿದ, ಅದು ಯಾವ ಬಣ್ಣಕ್ಕೂ ಸೇರದ ಬೊಟ್ಟಾಯಿತು. ಬಂದಿದ್ದವರೆಲ್ಲ ಒತ್ತಿದರು. ಬಾರದಿದ್ದ ಒಬ್ಬಿಬ್ಬರ ಹೆಸರಿಗೆ ಅಜ್ಜಿಯೇ ಒತ್ತಿ, "ಆಯ್ತು, ನಡೀರಿ" ಎಂದಳು.

ಅಪ್ಪ ಒಂದು ಮೋಟಾರಿನ ಮೇಲೆ ಕೂತುಬಿಟ್ಟ. ವೇಸ್ಟು ಬಟ್ಟೆಯಲ್ಲಿ ಮುಖ ಒರೆಸಿಕೊಂಡ, ಕೆನ್ನೆಗೆಲ್ಲ ಕರಿ ಮೆತ್ತಿತು. ಅತ್ತ. ನಮ್ಮಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಚಿಕ್ಕಪ್ಪ ಹತ್ತಿರ ಬಂದು, "ಅಣ್ಣ, ಏಳು. ಆ ಮೋಟಾರೂ ಏರಿಸ್ಬೇಕು. ಸ್ಪ್ಯಾನರ್ ಕೊಡು" ಎಂದ. ನಡುವೆ ನಾನು ಬೇಕಾಗಲಿಲ್ಲ. ಅಪ್ಪ ಕೊಟ್ಟ.

ಮಧ್ಯಾಹ್ನ ಜೆಸಿಬಿ ಬಂತು. ಒಂದೇ ನೂಕಿಗೆ ಗೋಡೆ ಒಳಮುಖವಾಗಿ ಮಲಗಿತು. ನೀಲಿ ಬೆರೆಸಿದ ಸುಣ್ಣದ ಧೂಳು ಎದ್ದು ಎಲ್ಲರ ತಲೆ ಮೇಲೂ ಕೂತಿತು. ಬೇವಿನ ನೆರಳಲ್ಲಿ ಕೂತು ಓಬಳಪ್ಪಜ್ಜನ ರೊಟ್ಟಿ ತಿಂದೆವು. ಹುಚ್ಚೆಳ್ಳು ಚಟ್ನಿಪುಡಿಯ ಜೊತೆ ಹಲ್ಲಿಗೆ ಸುಣ್ಣ ಸಿಗುತ್ತಿತ್ತು.

ಅಪ್ಪ ಈಗಲೂ ಹಿರಿಯೂರಿನಲ್ಲಿ, ಚಿಕ್ಕಪ್ಪ ಹೊಸದುರ್ಗದಲ್ಲಿ ಮೋಟಾರು ಕಟ್ಟುತ್ತಾರೆ. ಇಬ್ಬರ ಅಂಗಡಿಯಲ್ಲೂ ಗೋಡೆಗಳು ಬರಿದಾಗಿವೆ. ನಂಬರುಗಳೆಲ್ಲ ಮೊಬೈಲಿಗೆ ಹೋದವು. ಅಪ್ಪನ ಮೊಬೈಲಿನಲ್ಲಿ ಇವತ್ತಿಗೂ 'ಕರಿ ನಾಯಿ ತಿಪ್ಪೇಸ್ವಾಮಿ' ಇದ್ದಾನೆ, ಆ ನಾಯಿ ಸತ್ತು ಯಾವ ಕಾಲವಾಯಿತೋ. ಭಾನುವಾರ ಸಂಜೆಯ ಮಳೆಯ ವಿಚಾರಣೆ ನಿಂತಿಲ್ಲ. ಆ ಬೇಸಿಗೆ ಕಳೆದ ಮೇಲೆ ಚಿಕ್ಕಪ್ಪನೂ ನಾಚಿಕೆ ಬಿಟ್ಟು ಶುರು ಮಾಡಿದ. ಹೀಗಾಗಿ ಓಬಳಪ್ಪಜ್ಜ ವಾರಕ್ಕೆ ಎರಡು ಸಲ ಅದೇ ಮಳೆಯ ಸುದ್ದಿ ಹೇಳಬೇಕಾಗುತ್ತಿತ್ತು.

ನಾನು ಚಿತ್ರದುರ್ಗದಲ್ಲಿ ಹೈಸ್ಕೂಲು ಮೇಡಂ. ನನ್ನ ಫೋನಿನಲ್ಲೂ ಜನ ಗುಂಪು ಗುಂಪಾಗಿಯೇ ಇದ್ದಾರೆ. ಎಂಟನೇ ಕ್ಲಾಸಿನ ಪೋಷಕರು, ಸ್ಟಾಫ್ ರೂಮು, ಬಡಾವಣೆಯ ನೀರಿನ ಗುಂಪು, ಚೀಟಿ ಗುಂಪು, ಐಮಂಗಲದ ನೆಂಟರು. ಅಪ್ಪನ ಗೋಡೆಗಿಂತ ದೊಡ್ಡದು. ದಿನಕ್ಕೆ ನೂರು ಸಲ ಗುಂಯ್ ಅನ್ನುತ್ತದೆ.

ಕಳೆದ ತಿಂಗಳು ನೆಂಟರ ಗುಂಪಿನಲ್ಲಿ ಓಬಳಪ್ಪಜ್ಜನ ಫೋಟೋ ಬಂತು, ಹಾರ ಹಾಕಿದ್ದು. ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಬೆರಳಲ್ಲಿ ಹಿಗ್ಗಿಸಿ ಇನ್ನೊಮ್ಮೆ ನೋಡಿದೆ. ಎಲ್ಲರೂ ಹಾಕಿದ ಹಾಗೆ ಎರಡು ಕೈ ಮುಗಿದ ಚಿತ್ರ ಹಾಕಿದೆ. ಬೆಲ್ಲಾಯಿತು, ಎಂಟನೇ ಕ್ಲಾಸಿಗೆ ಹೋದೆ. ಚಿತ್ರದುರ್ಗದಿಂದ ಭರಮಸಾಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.

ಆ ರಾತ್ರಿ ಊಟ ಮಾಡಿಕೊಂಡು ಅಪ್ಪನಿಗೆ ಫೋನು ಮಾಡಿದೆ. ಅವನು ಆಗಷ್ಟೇ ಭರಮಸಾಗರದಿಂದ ಮರಳಿದ್ದ.

"ನಿನಗೆ ಯಾರು ಹೇಳಿದ್ರಪ್ಪ?" ಎಂದೆ.

"ಯಾರೂ ಹೇಳ್ಲಿಲ್ಲ. ಭಾನುವಾರ ಫೋನ್ ಎತ್ಲಿಲ್ಲ. ಬೆಳಗ್ಗೆ ಎದ್ದು ಬಸ್ ಹತ್ತಿದೆ. ಅಲ್ಲಿ ಬಸ್‌ಸ್ಟ್ಯಾಂಡಲ್ಲಿ ನೋಡಿದ್ರೆ ನಿಮ್ಮ ಚಿಕ್ಕಪ್ಪನೂ ಹೊಸದುರ್ಗದಿಂದ ಬಂದು ಇಳೀತಾವ್ನೆ. ಅವನಿಗೂ ಎತ್ಲಿಲ್ವಂತೆ. ಇಬ್ರೂ ಮನೆಗೆ ಹೋಗೋ ಹೊತ್ತಿಗೆ ಹೋಗಿಬಿಟ್ಟಿದ್ದ ಕಣೆ."

ಆಮೇಲೆ ಅಪ್ಪ ಹೇಳಿದ. ಚುಚ್ಚಿ ಹೇಳಿದ್ದಲ್ಲ, ಅವನಿಗೆ ಚುಚ್ಚಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದ.

"ಮಣ್ಣು ಮಾಡೋವರೆಗೂ ನಿಮ್ಮ ಚಿಕ್ಕಪ್ಪ ರೋಡ್ ಕಡೇನೇ ನೋಡ್ತಿದ್ದ. ದುರ್ಗದಿಂದ ಬಸ್ ಬಂದಾಗೆಲ್ಲ, ಇದರಲ್ಲಿ ನಮ್ಮ ಹುಡುಗಿ ಬರ್ತಾಳೇನೋ ಅನ್ನೋನು. ನಾನೇ ಹೇಳ್ದೆ, ಅವಳನ್ನ ಯಾರೂ ಕರ್ದಿಲ್ವಲ್ಲ ಮಂಜ, ಹೆಂಗೆ ಬರ್ತಾಳೆ ಅಂತ."